ಮರಳಿ ಕಾಲೇಜಿಗೆ ಬರುವ ವಯಸ್ಕರಿಗೆ ಸರ್ಕಾರಿ ನೆರವು: ಯಾದಗಿರಿ, ಶಹಾಪುರ, ಸುರಪುರ

ಓದನ್ನು ನಡುವೆ ಬಿಟ್ಟು, ಕೆಲವು ವರ್ಷಗಳ ದುಡಿಮೆ, ಮದುವೆ, ಮಕ್ಕಳ ಆರೈಕೆ ಅಥವಾ ಗುಳೆಯ ಬಳಿಕ ಪಿಯುಸಿ, ಪದವಿ ಇಲ್ಲವೆ ಸ್ನಾತಕೋತ್ತರ ತರಗತಿಗೆ ಮತ್ತೆ ಸೇರುವ ವಯಸ್ಕರಿಗೆ ಕೇಂದ್ರ ಮತ್ತು ರಾಜ್ಯ ಸರ್ಕಾರಗಳಿಂದ ದೊರೆಯುವ ಹಣದ ನೆರವು ಹಲವು ರೂಪಗಳಲ್ಲಿ ಬರುತ್ತದೆ. ಶುಲ್ಕವನ್ನು ಮೊದಲೇ ಬಿಟ್ಟುಕೊಟ್ಟರೆ ಅದು ಶುಲ್ಕ ವಿನಾಯಿತಿ. ವಿದ್ಯಾರ್ಥಿ ಕಟ್ಟಿದ ಅಥವಾ ಕಟ್ಟಬೇಕಾದ ಶುಲ್ಕವನ್ನು ಸರ್ಕಾರ ತುಂಬಿಕೊಟ್ಟರೆ ಅದು ಮರುಪಾವತಿ. ಪುಸ್ತಕ, ಊಟ, ಓಡಾಟದ ಖರ್ಚಿಗೆಂದು ಕೊಡುವ ಮೊತ್ತ ನಿರ್ವಹಣಾ ಭತ್ಯೆ. ಇವುಗಳ ಆಚೆಗೆ ಶಿಕ್ಷಣ ಸಾಲ ಮತ್ತು ಅದರ ಬಡ್ಡಿಯ ಮೇಲಿನ ಸಹಾಯಧನ ಇವೆ. ಈ ದೊಡ್ಡ ಯೋಜನೆಗಳ ಪೈಕಿ ಯಾವುದೂ ಮರಳಿ ಬಂದ ವಯಸ್ಕರಿಗೆಂದೇ ರೂಪುಗೊಂಡದ್ದಲ್ಲ. ಶಾಲೆಯಿಂದ ನೇರವಾಗಿ ಕಾಲೇಜಿಗೆ ಬರುವ ಹದಿನೆಂಟರ ಆಸುಪಾಸಿನ ಮಗ ಅಥವಾ ಮಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ನಿಯಮಗಳ ಒಳಗೇ ವಯಸ್ಕರು ತಮಗೆ ಸಲ್ಲುವ ಪಾಲನ್ನು ಹುಡುಕಿಕೊಳ್ಳಬೇಕಾಗುತ್ತದೆ. ಅರ್ಜಿಯ ಬಹುಪಾಲು ಕಲಮುಗಳು ವಿದ್ಯಾರ್ಥಿ ಯಾರ ಮಗು ಎಂಬ ಪ್ರಶ್ನೆಯನ್ನೇ ಬೇರೆಬೇರೆ ಬಗೆಯಲ್ಲಿ ಕೇಳುವುದರಿಂದ, ತಾವೇ ತಂದೆತಾಯಿ ಆಗಿರುವವರ ಪಾಲಿಗೆ ನೆರವಿನ ದಾರಿ ಎಲ್ಲಿ ತೆರೆದಿದೆ, ಎಲ್ಲಿ ಮುಚ್ಚಿದೆ ಎಂಬುದನ್ನು ಯೋಜನೆಯ ಹೆಸರಿಗಿಂತ ಅದರ ಅರ್ಹತಾ ನಿಯಮಗಳಲ್ಲಿಯೇ ನೋಡಬೇಕಾಗುತ್ತದೆ.

ಹಿನ್ನೆಲೆ

ಯಾದಗಿರಿ ಜಿಲ್ಲೆ ಗುಲಬರ್ಗಾ (ಈಗಿನ ಕಲಬುರಗಿ) ಜಿಲ್ಲೆಯಿಂದ ಬೇರ್ಪಟ್ಟು 2009ರ ಡಿಸೆಂಬರ್ 30ರಂದು ರಾಜ್ಯದ ಮೂವತ್ತನೆಯ ಜಿಲ್ಲೆಯಾಗಿ ಅಸ್ತಿತ್ವಕ್ಕೆ ಬಂದಿತು. ಆಗ ಅದರಲ್ಲಿದ್ದ ತಾಲ್ಲೂಕುಗಳು ಯಾದಗಿರಿ, ಶಹಾಪುರ ಮತ್ತು ಸುರಪುರ ಮೂರೇ. ಗುರುಮಠಕಲ್, ವಡಗೇರಾ ಮತ್ತು ಹುಣಸಗಿ ಆಮೇಲೆ ಇವುಗಳಿಂದಲೇ ಒಡೆದವು. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ 51.83 ಇದ್ದು, ಅದು ರಾಜ್ಯದಲ್ಲಿಯೇ ಅತಿ ಕಡಿಮೆಯಾಗಿತ್ತು. ರಾಜ್ಯದ ಸರಾಸರಿ ಆಗ ಶೇ 75.36. ಹೆಂಗಸರ ಸಾಕ್ಷರತೆ ಶೇ 41.38ರಷ್ಟೇ ಇತ್ತು. ಆ ಗಣತಿಯ ವೇಳೆಗೆ ಶಾಲೆಯ ವಯಸ್ಸಿನಲ್ಲಿದ್ದ ಹುಡುಗ ಹುಡುಗಿಯರು ಈಗ ಇಪ್ಪತ್ತು ಮೂವತ್ತರ ನಡುವಿನ ಪ್ರಾಯದವರಾಗಿದ್ದಾರೆ; ಮರಳಿ ಓದಲು ಬರುವವರು ಹೆಚ್ಚಾಗಿ ಈ ತಲೆಮಾರಿನಿಂದಲೇ ಬರಬೇಕಾದವರು ಎಂಬುದರಿಂದ ಈ ಅಂಕಿಗಳಿಗೆ ಇಂದಿಗೂ ಅರ್ಥವಿದೆ.

ಓದು ಹಿಂದುಳಿದದ್ದಕ್ಕೆ ಕಾರಣಗಳು ಹಳೆಯವು. ಈ ಸೀಮೆ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಆ ಸಂಸ್ಥಾನದಲ್ಲಿ 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮ ಉರ್ದುವಾಗಿದ್ದರಿಂದ ಕನ್ನಡದಲ್ಲಿ ಅಕ್ಷರ ಕಲಿತವರಿಗೆ ಉನ್ನತ ಶಿಕ್ಷಣ ಎರಡು ಪಟ್ಟು ದೂರವಾಗಿತ್ತು. ಗುಲಬರ್ಗಾ ವಿಶ್ವವಿದ್ಯಾಲಯ ಆರಂಭವಾದದ್ದು 1980ರಲ್ಲಿ. ಅದರಿಂದ ಬೇರ್ಪಟ್ಟು ರಾಯಚೂರು ಮತ್ತು ಯಾದಗಿರಿ ಜಿಲ್ಲೆಗಳ ಕಾಲೇಜುಗಳಿಗಾಗಿ ರಾಯಚೂರು ವಿಶ್ವವಿದ್ಯಾಲಯ ರೂಪುಗೊಂಡದ್ದು ತೀರ ಈಚೆಗೆ. ನಾರಾಯಣಪುರದ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆ ಸುರಪುರ ಮತ್ತು ಶಹಾಪುರದ ಒಂದು ಭಾಗಕ್ಕೆ ನೀರು ತಂದು ಭತ್ತ, ಹತ್ತಿಯ ಬೆಳೆ ಹೆಚ್ಚಿಸಿದರೂ, ಕಾಲುವೆ ತಲುಪದ ಊರುಗಳ ಕೂಲಿಕಾರರು ಸುಗ್ಗಿ ಮುಗಿದೊಡನೆ ಬೆಂಗಳೂರು, ಹೈದರಾಬಾದ್, ಪುಣೆ, ಮುಂಬಯಿಗಳ ಕಟ್ಟಡ ಕೆಲಸಕ್ಕೆ ಗುಳೆ ಹೋಗುವುದು ನಿಂತಿಲ್ಲ. ಹತ್ತಿ ಬಿಡಿಸುವ ತಿಂಗಳುಗಳಲ್ಲಿ ಹುಡುಗಿಯರು ಶಾಲೆ ತಪ್ಪಿಸಿಕೊಳ್ಳುವುದು, ಒಂದು ವರ್ಷ ತಪ್ಪಿಸಿಕೊಂಡವಳು ಮರುವರ್ಷ ಹೋಗದೇ ಇರುವುದು, ಆಮೇಲೆ ಬೇಗ ಮದುವೆಯಾಗುವುದು ಒಂದರ ಹಿಂದೆ ಒಂದು ಬರುವ ಸಂಗತಿಗಳಾಗಿವೆ. 2018ರಲ್ಲಿ ಕೇಂದ್ರ ಸರ್ಕಾರ ಗುರುತಿಸಿದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಗೆ ಕರ್ನಾಟಕದಿಂದ ರಾಯಚೂರು ಮತ್ತು ಯಾದಗಿರಿ ಸೇರಿದ್ದರಲ್ಲಿ ಶಿಕ್ಷಣದ ಸೂಚ್ಯಂಕಗಳ ಪಾಲೂ ಇದೆ.

ವಯಸ್ಕರನ್ನು ಮರಳಿ ಓದಿನ ಕಡೆಗೆ ತರುವ ಒತ್ತಡಗಳು ಬಹುಮಟ್ಟಿಗೆ ಕೆಲಸಕ್ಕೆ ಸಂಬಂಧಿಸಿದವು. ಅಂಗನವಾಡಿ ಕಾರ್ಯಕರ್ತೆಯ ಹುದ್ದೆಗೆ ಹಿಂದೆ ಎಸ್ಸೆಸ್ಸೆಲ್ಸಿ ಸಾಕಾಗಿದ್ದು ಈಗ ದ್ವಿತೀಯ ಪಿಯುಸಿ ಬೇಕಾಗಿರುವುದರಿಂದ ಸಹಾಯಕಿಯರಾಗಿ ದುಡಿಯುತ್ತಿರುವವರಿಗೆ ಮುಂದಿನ ಮೆಟ್ಟಿಲು ಪರೀಕ್ಷೆಯ ಮೂಲಕವೇ ಸಿಗುತ್ತದೆ. ರಾಜ್ಯ ಸರ್ಕಾರಿ ನೇಮಕಾತಿಯ ಸಾಮಾನ್ಯ ವಯೋಮಿತಿ 35 ವರ್ಷ, ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ 1ಕ್ಕೆ 40 ಇರುವುದರಿಂದ, ಮೂವತ್ತರಲ್ಲಿ ಪದವಿ ಮುಗಿಸಿದವರಿಗೂ ಸ್ಪರ್ಧಾತ್ಮಕ ಪರೀಕ್ಷೆಯ ಬಾಗಿಲು ತೆರೆದೇ ಇರುತ್ತದೆ.

ಮರಳುವ ದಾರಿಗಳು

ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಮುಗಿಸದವರು ಶಾಲೆಗೆ ಸೇರದೆಯೇ ಖಾಸಗಿ ಅಭ್ಯರ್ಥಿಗಳಾಗಿ ಪರೀಕ್ಷೆಗೆ ಹೆಸರು ನೋಂದಾಯಿಸಿಕೊಳ್ಳಬಹುದು. ಪರೀಕ್ಷೆಯನ್ನು ನಡೆಸುವುದು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿ. ಪಿಯುಸಿಯಲ್ಲಿ ಈ ಅವಕಾಶ ಕಲೆ ಮತ್ತು ವಾಣಿಜ್ಯ ವಿಭಾಗಗಳಿಗೆ ಮಾತ್ರ ಇದ್ದು, ಪ್ರಯೋಗಾಲಯದ ಕೆಲಸ ಬೇಕಾದ ವಿಜ್ಞಾನಕ್ಕೆ ಇಲ್ಲ. ಖಾಸಗಿ ಅಭ್ಯರ್ಥಿ ಯಾವ ಕಾಲೇಜಿನ ಹಾಜರಿ ಪುಸ್ತಕದಲ್ಲಿಯೂ ಇರುವುದಿಲ್ಲವಾದ್ದರಿಂದ, ಕಾಲೇಜಿನ ಮೂಲಕ ಪರಿಶೀಲನೆಯಾಗುವ ವಿದ್ಯಾರ್ಥಿವೇತನಗಳು ಈ ಹಂತದಲ್ಲಿ ಅವರ ಕೈಗೆ ಎಟಕುವುದಿಲ್ಲ. ಪರೀಕ್ಷಾ ಶುಲ್ಕ, ಪಠ್ಯಪುಸ್ತಕ, ಪರೀಕ್ಷಾ ಕೇಂದ್ರಕ್ಕೆ ಓಡಾಟ ಎಲ್ಲವೂ ಸ್ವಂತ ಖರ್ಚಿನಲ್ಲಿಯೇ ನಡೆಯಬೇಕು. ಮರಳಿ ಬರುವವರಲ್ಲಿ ಅತ್ಯಂತ ಬಡವರು ಹಾಗೂ ಮೊದಲ ಮೆಟ್ಟಿಲಲ್ಲಿ ಇರುವವರು ಇವರೇ ಆಗಿರುವುದರಿಂದ ಈ ಕೊರತೆ ಗಂಭೀರವಾದದ್ದು.

ಪದವಿಯ ಹಂತದಲ್ಲಿ ದಾರಿ ಎರಡಾಗಿ ಒಡೆಯುತ್ತದೆ. ಯಾದಗಿರಿ ಮತ್ತು ಶಹಾಪುರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ, ಸುರಪುರದ ಶ್ರೀ ಪ್ರಭು ಕಲೆ, ವಿಜ್ಞಾನ ಮತ್ತು ಜೆ.ಎಂ. ಬೋಹ್ರಾ ವಾಣಿಜ್ಯ ಕಾಲೇಜಿನಂಥ ಸಂಸ್ಥೆಗಳಲ್ಲಿ ದಿನದ ತರಗತಿಗೆ ಸೇರುವುದು ಒಂದು, ದೂರಶಿಕ್ಷಣ ಇನ್ನೊಂದು. ದಿನದ ತರಗತಿಗೆ ಸೇರುವಾಗ ಹಳೆಯ ವರ್ಗಾವಣೆ ಪತ್ರ, ಅಂಕಪಟ್ಟಿಗಳ ಜೊತೆಗೆ, ಬಿಟ್ಟುಹೋದ ವರ್ಷಗಳಲ್ಲಿ ಬೇರೆಲ್ಲಿಯೂ ಪ್ರವೇಶ ಪಡೆದಿಲ್ಲವೆಂದು ಛಾಪಾ ಕಾಗದದ ಮೇಲೆ ನೋಟರಿಯ ಮುಂದೆ ಮಾಡಿದ ಪ್ರಮಾಣಪತ್ರವನ್ನೂ ಕೇಳುವ ರೂಢಿಯಿದೆ. ಅದನ್ನೇ ಜನ ಗ್ಯಾಪ್ ಸರ್ಟಿಫಿಕೇಟ್ ಎನ್ನುತ್ತಾರೆ. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕದ ವಿನಾಯಿತಿ ಇದ್ದು, ವಯಸ್ಸು ಎಷ್ಟೇ ಆಗಿರಲಿ, ಮದುವೆ ಆಗಿರಲಿ ಬಿಡಲಿ, ಪ್ರವೇಶ ಸಿಕ್ಕ ಮೇಲೆ ಈ ವಿನಾಯಿತಿಗೆ ಅದು ಅಡ್ಡ ಬರುವುದಿಲ್ಲ. ಯಾರ ಮಗಳು ಎಂದು ಕೇಳದೆ ಓದುವವಳನ್ನೇ ನೋಡಿ ಸಲ್ಲುವ ಕೆಲವೇ ನೆರವುಗಳಲ್ಲಿ ಇದು ಒಂದು.

ದೂರಶಿಕ್ಷಣಕ್ಕೆ ಕನ್ನಡನಾಡಿನಲ್ಲಿ ಐವತ್ತು ವರ್ಷಗಳಿಗೂ ಮಿಕ್ಕ ಚರಿತ್ರೆಯಿದೆ. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಆರಂಭವಾದ ಅಂಚೆ ಮತ್ತು ತೆರಪಿನ ಶಿಕ್ಷಣ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. ಇದರ ಪ್ರಾದೇಶಿಕ ಕೇಂದ್ರವೊಂದು ಕಲಬುರಗಿಯಲ್ಲಿದೆ. 1985ರಲ್ಲಿ ಸ್ಥಾಪನೆಯಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ ಉತ್ತರ ಕರ್ನಾಟಕಕ್ಕೆ ವಿಜಯಪುರದಲ್ಲಿ ಪ್ರಾದೇಶಿಕ ಕೇಂದ್ರ ಹೊಂದಿದೆ. ಮಾನ್ಯತೆ ಪಡೆದ ದೂರಶಿಕ್ಷಣದ ಪದವಿ ದಿನದ ಕಾಲೇಜಿನ ಪದವಿಗೆ ಸಮಾನವೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ 2022ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿತು. ಆದರೂ ಮಾನ್ಯತೆ ಎಂಬ ಪದಕ್ಕೆ ಇಲ್ಲಿ ಎಷ್ಟು ಬೆಲೆಯಿದೆ ಎಂಬುದನ್ನು ರಾಜ್ಯದ ವಿದ್ಯಾರ್ಥಿಗಳು ಕಷ್ಟಪಟ್ಟು ಕಲಿತಿದ್ದಾರೆ: ರಾಜ್ಯದ ಹೊರಗೆ ಅಧ್ಯಯನ ಕೇಂದ್ರಗಳನ್ನು ತೆರೆದದ್ದೇ ಮೊದಲಾದ ನಿಯಮ ಉಲ್ಲಂಘನೆಗಳ ಕಾರಣಕ್ಕೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಮಾನ್ಯತೆಯನ್ನು ಆಯೋಗ 2015ರಲ್ಲಿ ಹಿಂತೆಗೆದುಕೊಂಡು, 2018ರ ಆಗಸ್ಟ್‌ನಲ್ಲಿ ಮತ್ತೆ ನೀಡಿತು. ಈ ನಡುವೆ ಸಿಕ್ಕಿಬಿದ್ದವರಲ್ಲಿ ಬಹಳ ಮಂದಿ ಕೆಲಸ ಮಾಡುತ್ತ, ಸ್ವಂತ ದುಡಿಮೆಯಿಂದ ಶುಲ್ಕ ಕಟ್ಟಿದ ವಯಸ್ಕರು. ಅವರಿಗೆ ವರ್ಷ ಕಳೆದುಕೊಳ್ಳುವುದೆಂದರೆ ಬಡ್ತಿಯ, ನೇಮಕಾತಿಯ ವಯೋಮಿತಿಯನ್ನೇ ಕಳೆದುಕೊಳ್ಳುವುದಾಗಿತ್ತು.

ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ

ಮರಳಿ ಓದುವವರಿಗೆ ಸಿಗಬಹುದಾದ ನೆರವುಗಳಲ್ಲಿ ಅತ್ಯಂತ ಹಳೆಯದೂ ದೊಡ್ಡದೂ ಆದದ್ದು ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಅಂದರೆ ಹತ್ತನೆಯ ತರಗತಿಯ ನಂತರದ ಎಲ್ಲ ಮಾನ್ಯತೆ ಪಡೆದ ಕೋರ್ಸುಗಳಿಗೆ ಸಲ್ಲುವ ಯೋಜನೆ. ಪರಿಶಿಷ್ಟ ಜಾತಿಗಳ ವಿದ್ಯಾರ್ಥಿಗಳಿಗಾಗಿ ಇದು ಆರಂಭವಾದದ್ದು 1944ರಲ್ಲಿ, ಡಾ. ಬಿ.ಆರ್. ಅಂಬೇಡ್ಕರ್ ವೈಸ್‌ರಾಯ್ ಅವರ ಕಾರ್ಯಕಾರಿ ಮಂಡಲಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದ ಕಾಲದಲ್ಲಿ. ಪರಿಶಿಷ್ಟ ಪಂಗಡಗಳಿಗೆ ಇಂಥದೇ ಯೋಜನೆಯನ್ನು ಈಗ ಬುಡಕಟ್ಟು ವ್ಯವಹಾರಗಳ ಸಚಿವಾಲಯ ನಡೆಸುತ್ತದೆ. ಬೇಡ ನಾಯಕ ಸಮುದಾಯ ದೊಡ್ಡ ಸಂಖ್ಯೆಯಲ್ಲಿರುವ, ವಿಧಾನಸಭಾ ಕ್ಷೇತ್ರವೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಸುರಪುರದಲ್ಲಿ ಈ ಎರಡನೆಯ ಯೋಜನೆಗೆ ವಿಶೇಷ ಮಹತ್ವವಿದೆ. ಎರಡಕ್ಕೂ ಕುಟುಂಬದ ವಾರ್ಷಿಕ ಆದಾಯದ ಮಿತಿ 2.5 ಲಕ್ಷ ರೂಪಾಯಿ.

ಪರಿಶಿಷ್ಟ ಜಾತಿಗಳ ಯೋಜನೆಯನ್ನು 2021ರಲ್ಲಿ ಪರಿಷ್ಕರಿಸಿದಾಗ ವೆಚ್ಚದಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ ಪಾಲು ಶೇ 40 ಎಂದು ಗೊತ್ತಾಯಿತು. ಶುಲ್ಕದ ಜೊತೆಗೆ ಕೊಡುವ ವಾರ್ಷಿಕ ಭತ್ಯೆ ವೃತ್ತಿಪರ ಪದವಿಗಳಿಗೆ ವಿದ್ಯಾರ್ಥಿನಿಲಯದಲ್ಲಿ ಇರುವವರಿಗೆ 13,500 ರೂಪಾಯಿ, ಮನೆಯಿಂದ ಬರುವವರಿಗೆ 7,000 ರೂಪಾಯಿ ಆಯಿತು. ಬಿ.ಎ., ಬಿ.ಕಾಂ.ನಂಥ ಸಾಮಾನ್ಯ ಪದವಿಗೆ ಇದು ಕ್ರಮವಾಗಿ 6,000 ಮತ್ತು 3,000 ರೂಪಾಯಿ, ಪಿಯುಸಿ, ಐ.ಟಿ.ಐ.ಗಳಿಗೆ 4,000 ಮತ್ತು 2,500 ರೂಪಾಯಿ. ಸಂಸಾರಸ್ಥ ವಿದ್ಯಾರ್ಥಿನಿ ವಿದ್ಯಾರ್ಥಿನಿಲಯದಲ್ಲಿ ಇರಲಾರಳು ಎಂಬುದು ಸಹಜವಾದ್ದರಿಂದ ಆಕೆಗೆ ಸಿಗುವುದು ಪ್ರತಿ ಬಾರಿಯೂ ಕಡಿಮೆ ದರ. ಮನೆಯಿಂದ ಬರುವವರಿಗೆ ಖರ್ಚು ಕಡಿಮೆ ಎಂಬ ಲೆಕ್ಕ ತಂದೆತಾಯಿಯ ಮನೆಯಲ್ಲಿರುವ ಹದಿನೆಂಟರ ಹುಡುಗನಿಗೆ ಒಪ್ಪುತ್ತದೆ. ಓದಿಗಾಗಿ ದಿನಗೂಲಿ ಬಿಟ್ಟು ಬರುವ ಇಬ್ಬರು ಮಕ್ಕಳ ತಾಯಿಯ ವಿಷಯದಲ್ಲಿ ಅದು ತಲೆಕೆಳಗಾದ ಲೆಕ್ಕ. ತರಗತಿಗೆ ಬಂದ ಪ್ರತಿ ದಿನವೂ ಆಕೆ ಕಳೆದುಕೊಳ್ಳುವ ಕೂಲಿ ಯಾವ ಭತ್ಯೆಯ ಕೋಷ್ಟಕದಲ್ಲಿಯೂ ಇಲ್ಲ.

ವಯಸ್ಕರಿಗೆ ನೇರವಾಗಿ ತಾಗುವ ಮೂರು ನಿಯಮಗಳು ಈ ಯೋಜನೆಯಲ್ಲಿವೆ. ಮೊದಲನೆಯದು ದೂರಶಿಕ್ಷಣಕ್ಕೆ ಸಂಬಂಧಿಸಿದ್ದು: ಅಂಚೆ ಶಿಕ್ಷಣದ ವಿದ್ಯಾರ್ಥಿಗಳಿಗೂ ಶುಲ್ಕ ಮರುಪಾವತಿ ಸಲ್ಲುತ್ತದೆಂದು ಕೇಂದ್ರದ ಮಾರ್ಗಸೂಚಿ ಹೇಳಿದ್ದು, 2010ರ ಪರಿಷ್ಕೃತ ದರಗಳಲ್ಲಿ ಪುಸ್ತಕಕ್ಕೆಂದು ವರ್ಷಕ್ಕೆ 1,200 ರೂಪಾಯಿಯನ್ನೂ ಸೇರಿಸಿತ್ತು. ಎರಡನೆಯದು ಉದ್ಯೋಗಸ್ಥರದು: ಸಂಬಳ ಬಿಟ್ಟು ರಜೆಯ ಮೇಲೆ ಪೂರ್ಣಾವಧಿ ಓದುವವರು ಅರ್ಹರು, ಕೆಲಸದಲ್ಲಿದ್ದುಕೊಂಡೇ ಓದುವವರ ವಿಷಯದಲ್ಲಿ, ಅವರ ಮತ್ತು ತಂದೆತಾಯಿಯ ಆದಾಯ ಕೂಡಿ ಮಿತಿಯೊಳಗಿದ್ದರೆ ಕಡ್ಡಾಯ ಶುಲ್ಕಗಳ ಮರುಪಾವತಿ ಮಾತ್ರ. ಮೂರನೆಯದು ಹಂತದ ನಿಯಮ: ಒಂದು ಹಂತವನ್ನು ಮುಗಿಸಿ ಅದೇ ಹಂತದ ಬೇರೆ ವಿಷಯವನ್ನು ಓದುವವರಿಗೆ, ಉದಾಹರಣೆಗೆ ಬಿ.ಎ. ಆದ ಮೇಲೆ ಬಿ.ಕಾಂ. ಸೇರುವವರಿಗೆ, ವಿದ್ಯಾರ್ಥಿವೇತನವಿಲ್ಲ. ಹತ್ತು ವರ್ಷದ ಹಿಂದೆ ಪಡೆದ ಪದವಿ ಇಂದಿನ ಕೆಲಸಕ್ಕೆ ಒದಗದೆ ಹೊಸದನ್ನು ಕಲಿಯಬಯಸುವವರನ್ನು ಈ ನಿಯಮ ಹೊರಗಿಡುತ್ತದೆ.

ಇವೆಲ್ಲಕ್ಕಿಂತ ಆಳವಾದದ್ದು ಆದಾಯವನ್ನು ಲೆಕ್ಕ ಹಾಕುವ ಬಗೆ. ತಂದೆತಾಯಿ ಬದುಕಿರುವವರೆಗೆ ಅವರ ಆದಾಯವನ್ನು, ಮದುವೆಯಾಗಿ ಉದ್ಯೋಗವಿಲ್ಲದ ವಿದ್ಯಾರ್ಥಿನಿಯ ವಿಷಯದಲ್ಲಿ ಗಂಡನ ಆದಾಯವನ್ನು ಎಲ್ಲ ಮೂಲಗಳಿಂದ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಮಾರ್ಗಸೂಚಿ ಹೇಳುತ್ತದೆ. ಹೀಗಾಗಿ ಮೂವತ್ತು ದಾಟಿದ ಗಂಡಸು ಬೇರೆ ಸಂಸಾರ ಹೂಡಿದ್ದರೂ ತಂದೆಯ ಆದಾಯ ಪ್ರಮಾಣಪತ್ರ ತರಬೇಕಾಗುತ್ತದೆ. ಗಂಡ ಗುಳೆ ಹೋಗಿ ಮನೆಗೆ ಹಣ ಕಳಿಸದಿದ್ದರೂ ಹೆಂಡತಿಯ ಅರ್ಹತೆ ಅವನ ಗಳಿಕೆಯ ಮೇಲೆ ನಿಲ್ಲುತ್ತದೆ. ಪೋಷಕರ ಅಥವಾ ಗಂಡನ ಮರಣದಿಂದ ಆದಾಯ ಮಿತಿಯ ಕೆಳಗೆ ಬಂದರೆ ಆ ತಿಂಗಳಿನಿಂದಲೇ ವಿದ್ಯಾರ್ಥಿ ಅರ್ಹರಾಗುತ್ತಾರೆಂಬ ಮಾನವೀಯ ಅವಕಾಶವೂ ಅದೇ ಮಾರ್ಗಸೂಚಿಯಲ್ಲಿದೆ.

ಪರಿಶಿಷ್ಟ ಜಾತಿಗಳ ಈ ಯೋಜನೆ ಆರಂಭವಾದ 1944ರಲ್ಲಿಯೇ ಅಮೆರಿಕದಲ್ಲಿ ಯುದ್ಧದಿಂದ ಮರಳಿದ ಸೈನಿಕರ ಪುನರ್ವಸತಿ ಕಾಯ್ದೆ ಜಾರಿಯಾದದ್ದನ್ನು ಇಲ್ಲಿ ನೆನೆಯಬೇಕು. ಜಿ.ಐ. ಬಿಲ್ ಎಂದು ಹೆಸರಾದ ಆ ಕಾಯ್ದೆಯ ನೆರವಿನಿಂದ 1956ರ ಹೊತ್ತಿಗೆ ಸುಮಾರು 78 ಲಕ್ಷ ಮಂದಿ ಮಾಜಿ ಸೈನಿಕರು ಶಿಕ್ಷಣ ಅಥವಾ ತರಬೇತಿ ಪಡೆದರು. ಅವರಲ್ಲಿ ಬಹಳ ಮಂದಿ ಸಂಸಾರಸ್ಥರಾಗಿದ್ದು, ಅವಲಂಬಿತರಿದ್ದವರಿಗೆ ಜೀವನ ಭತ್ಯೆ ಹೆಚ್ಚಾಗಿತ್ತು. ಆ ದೇಶದಲ್ಲಿ ಕಾಲೇಜು ಓದಿಗೆ ಸರ್ಕಾರ ಈಗ ಕೊಡುವ ಪೆಲ್ ಅನುದಾನಕ್ಕೆ ವಯೋಮಿತಿಯಿಲ್ಲ. 24 ವರ್ಷ ತುಂಬಿದವರನ್ನು ಅಥವಾ ಮದುವೆಯಾದವರನ್ನು ಸ್ವತಂತ್ರ ವಿದ್ಯಾರ್ಥಿಗಳೆಂದು ಪರಿಗಣಿಸಿ, ತಂದೆತಾಯಿಯ ಆದಾಯವನ್ನು ಕೇಳುವುದನ್ನೇ ಬಿಡಲಾಗುತ್ತದೆ. ಗಂಡ ಅಥವಾ ಹೆಂಡತಿಯ ಆದಾಯವನ್ನು ಅಲ್ಲಿಯೂ ಕೂಡಿಸುತ್ತಾರಾದರೂ, ಮಕ್ಕಳ ಪೋಷಣೆಯ ಹೊರೆಯನ್ನು ಲೆಕ್ಕದಲ್ಲಿ ಇಡುತ್ತಾರೆ. ಇಂಥ ಒಂದು ವಯಸ್ಸಿನ ಗೆರೆಯನ್ನು ಭಾರತದ ಮೆಟ್ರಿಕ್ ನಂತರದ ಯೋಜನೆಗಳಲ್ಲಿ ಎಳೆಯಬಾರದೇಕೆ ಎಂಬುದು ಯಾದಗಿರಿಯಂಥ ಜಿಲ್ಲೆಯಿಂದ ಕೇಳಲೇಬೇಕಾದ ಪ್ರಶ್ನೆ.

ಪ್ರತಿಭೆಯ ಆಧಾರದ ಕೇಂದ್ರ ಯೋಜನೆಗಳು ಮರಳಿ ಓದುವ ವಯಸ್ಕರಿಗೆ ಬಹುಮಟ್ಟಿಗೆ ಮುಚ್ಚಿವೆ. ಪದವಿ ವಿದ್ಯಾರ್ಥಿಗಳಿಗೆ ವರ್ಷಕ್ಕೆ 12,000 ರೂಪಾಯಿ ಕೊಡುವ ಕೇಂದ್ರ ವಲಯದ ವಿದ್ಯಾರ್ಥಿವೇತನ ಹನ್ನೆರಡನೆಯ ತರಗತಿಯಲ್ಲಿ ಮೇಲಿನ ಸಾಲಿನ ಅಂಕ ಪಡೆದು ದಿನದ ಕಾಲೇಜಿಗೆ ಸೇರಿದವರಿಗೆ ಮೀಸಲಾಗಿದ್ದು, ದೂರಶಿಕ್ಷಣದವರನ್ನು ಸ್ಪಷ್ಟವಾಗಿ ಹೊರಗಿಡುತ್ತದೆ.

ಅರ್ಜಿ ಮತ್ತು ದಾಖಲೆಗಳು

ಕರ್ನಾಟಕದಲ್ಲಿ ಈಗ ಬಹುತೇಕ ಎಲ್ಲ ಇಲಾಖೆಗಳ ವಿದ್ಯಾರ್ಥಿವೇತನಗಳಿಗೂ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದ ಮೂಲಕವೇ ಅರ್ಜಿ ಹಾಕಬೇಕು. ಜನ ಅದನ್ನು ಎಸ್‌.ಎಸ್‌.ಪಿ. ಎಂದೇ ಕರೆಯುತ್ತಾರೆ. ಅರ್ಜಿಗೆ ಆಧಾರ್ ಸಂಖ್ಯೆ, ಕಾಲೇಜಿನ ನೋಂದಣಿ ಸಂಖ್ಯೆ ಹಾಗೂ ನಾಡಕಚೇರಿ ಕೊಟ್ಟ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಮೇಲಿರುವ ಆರ್‌.ಡಿ. ಸಂಖ್ಯೆ ಬೇಕು. ಈ ಸಂಖ್ಯೆ ಹಾಕಿದೊಡನೆ ಪ್ರಮಾಣಪತ್ರದ ವಿವರ ಕಂದಾಯ ಇಲಾಖೆಯ ದಾಖಲೆಯಿಂದ ತಾನಾಗಿ ಬರುತ್ತದೆ, ಮತ್ತು ಅಲ್ಲಿನ ಹೆಸರು ಆಧಾರ್‌ನ ಹೆಸರಿಗೆ ಹೊಂದಬೇಕಾಗುತ್ತದೆ.

ಮದುವೆಯಾದ ಹೆಂಗಸಿನ ಕಾಗದಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ತೊಡಕು ಎಲ್ಲಿದೆ ಎಂಬುದು ತಿಳಿಯುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಆಕೆಯ ಹೆಸರಿನ ಜೊತೆ ತಂದೆಯ ಹೆಸರು ಇರುತ್ತದೆ. ಮದುವೆಯ ಬಳಿಕ ತಿದ್ದಿಸಿದ ಆಧಾರ್‌ನಲ್ಲಿ ಗಂಡನ ಹೆಸರೂ ಗಂಡನ ಊರಿನ ವಿಳಾಸವೂ ಇರುತ್ತವೆ. ಜಾತಿ ಹುಟ್ಟಿನಿಂದ ನಿರ್ಧಾರವಾಗುವುದರಿಂದ ಜಾತಿ ಪ್ರಮಾಣಪತ್ರಕ್ಕೆ ತವರಿನ ದಾಖಲೆ ಬೇಕು, ಆದಾಯ ಪ್ರಮಾಣಪತ್ರಕ್ಕೆ ಗಂಡನ ಮನೆಯ ಪಡಿತರ ಚೀಟಿ ಬೇಕು. ತವರು ಹುಣಸಗಿಯಲ್ಲಿದ್ದು ಗಂಡನ ಮನೆ ವಡಗೇರಾದಲ್ಲಿದ್ದರೆ ಎರಡು ನಾಡಕಚೇರಿಗಳನ್ನು ತಿರುಗಬೇಕು. ಅಂಕಪಟ್ಟಿಯಲ್ಲಿ ಇನಿಷಿಯಲ್ ಮೊದಲು ಬಂದು ಆಧಾರ್‌ನಲ್ಲಿ ಕೊನೆಗೆ ಬಂದಿದ್ದರೂ ತಂತ್ರಾಂಶ ಅರ್ಜಿಯನ್ನು ಮುಂದಕ್ಕೆ ಬಿಡದಿರಬಹುದು. ಗ್ರಾಮ ಒನ್ ಕೇಂದ್ರದಲ್ಲಿ ಅಥವಾ ಪಟ್ಟಣದ ಸೈಬರ್ ಅಂಗಡಿಯಲ್ಲಿ ಕುಳಿತು ಇದನ್ನು ಸರಿಪಡಿಸಿಕೊಳ್ಳುವಷ್ಟರಲ್ಲಿ ಕೊನೆಯ ದಿನಾಂಕ ಹತ್ತಿರ ಬಂದಿರುತ್ತದೆ. ತಂದೆಯ ಹೆಸರೇ ಇಲ್ಲದವರ ಕಷ್ಟ ಇನ್ನೂ ಹೆಚ್ಚಿನದು. ದೇವದಾಸಿ ಪದ್ಧತಿಗೆ ಬಲಿಯಾದ ತಾಯಂದಿರ ಮಕ್ಕಳಿಂದ ಯಾವ ಅರ್ಜಿಯಲ್ಲಿಯೂ ತಂದೆಯ ಹೆಸರನ್ನು ಕಡ್ಡಾಯವಾಗಿ ಕೇಳಬಾರದೆಂಬ ಅಂಶವನ್ನು ರಾಜ್ಯ ವಿಧಾನಮಂಡಲ 2025ರಲ್ಲಿ ಅಂಗೀಕರಿಸಿದ ಹೊಸ ದೇವದಾಸಿ ಮಸೂದೆಯಲ್ಲಿ ಸೇರಿಸಲಾಗಿದ್ದು, ಯಾರ ಮಗು ಎಂಬ ಪ್ರಶ್ನೆಯನ್ನು ಕಾನೂನೇ ಕೈಬಿಟ್ಟ ಅಪರೂಪದ ನಿದರ್ಶನ ಇದು.

ಮಂಜೂರಾದ ಹಣ ನೇರ ನಗದು ವರ್ಗಾವಣೆಯಿಂದ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ಬೀಳುತ್ತದೆ. ಒಬ್ಬರಿಗೆ ಎಷ್ಟು ಖಾತೆಗಳಿದ್ದರೂ ಆಧಾರ್ ಪಾವತಿಗೆಂದು ಕೊನೆಯದಾಗಿ ಜೋಡಿಸಿದ ಒಂದು ಖಾತೆಗೆ ಮಾತ್ರ ಹಣ ಹೋಗುತ್ತದೆ. ಇದನ್ನೇ ಎನ್‌ಪಿಸಿಐ ಮ್ಯಾಪಿಂಗ್ ಎನ್ನುವುದು. ಉದ್ಯೋಗ ಖಾತ್ರಿಗೊಂದು, ಸಂಘದ ವ್ಯವಹಾರಕ್ಕೊಂದು, ಗೃಹಲಕ್ಷ್ಮಿಗೊಂದು ಖಾತೆ ತೆರೆದಿರುವ ವಯಸ್ಕರು ಅರ್ಜಿಗೆ ಮುಂಚೆ ಬ್ಯಾಂಕಿನಲ್ಲಿ ಇದನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು. ಪರಿಶಿಷ್ಟ ಜಾತಿಗಳ ಯೋಜನೆಯಲ್ಲಿ ಕೇಂದ್ರದ ಪಾಲು ಈಗ ವಿದ್ಯಾರ್ಥಿಯ ಖಾತೆಗೇ ಬರುವುದರಿಂದ, ಅದರಲ್ಲಿ ಸೇರಿರುವ ಶುಲ್ಕದ ಭಾಗವನ್ನು ಏಳು ದಿನಗಳೊಳಗೆ ಕಾಲೇಜಿಗೆ ಕಟ್ಟುವ ಹೊಣೆಯೂ ವಿದ್ಯಾರ್ಥಿಯದೇ.

ರಾಜ್ಯದ ಇತರ ಯೋಜನೆಗಳು

ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಶುಲ್ಕ ವಿನಾಯಿತಿಯ ಜೊತೆಗೆ, ವಿದ್ಯಾರ್ಥಿನಿಲಯ ಸಿಗದವರ ಊಟ ಮತ್ತು ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುವ ವಿದ್ಯಾಸಿರಿ ಯೋಜನೆಯಿದೆ. ಇದು ಊರು ಬಿಟ್ಟು ಬಂದು ಓದುವವರಿಗೆ ಹೊಂದುವ ನೆರವು.

ದುಡಿಯುವ ವರ್ಗಗಳ ಹೆಸರಿನಲ್ಲಿರುವ ಯೋಜನೆಗಳು ಯಾದಗಿರಿಗೆ ಹೆಚ್ಚು ಹತ್ತಿರದವು. ವಯಸ್ಕರನ್ನು ಹೆಚ್ಚಾಗಿ ಹೊರಗಿಡುವುದೂ ಇವೇ. 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ಪಿಯುಸಿ, ಐ.ಟಿ.ಐ. ಓದುವ ಗಂಡುಮಕ್ಕಳಿಗೆ ವರ್ಷಕ್ಕೆ 2,500, ಹೆಣ್ಣುಮಕ್ಕಳಿಗೆ 3,000 ರೂಪಾಯಿ, ಸಾಮಾನ್ಯ ಪದವಿಗೆ 5,000 ಮತ್ತು 5,500 ರೂಪಾಯಿ ಗೊತ್ತುಮಾಡಲಾಗಿದ್ದು, ಆಮೇಲೆ ಅದನ್ನು ಕೃಷಿ ಕಾರ್ಮಿಕರು, ನೇಕಾರರು, ಮೀನುಗಾರರ ಮಕ್ಕಳಿಗೂ ವಿಸ್ತರಿಸಲಾಯಿತು. ಅರ್ಹತೆ ನಿಲ್ಲುವುದು ತಂದೆ ಅಥವಾ ತಾಯಿಯ ರೈತ ಗುರುತಿನ ಸಂಖ್ಯೆಯ ಮೇಲೆ. ಶಹಾಪುರದ ಬಳಿ ಸ್ವಂತ ಹೆಸರಿನಲ್ಲಿ ನಾಲ್ಕು ಎಕರೆ ತೊಗರಿ ಹೊಲವಿದ್ದು, ಆ ಗುರುತಿನ ಸಂಖ್ಯೆಯನ್ನು ತಾನೇ ಹೊಂದಿರುವ ಮೂವತ್ತೆರಡರ ರೈತ ಬಿ.ಎ.ಗೆ ಸೇರಿದರೆ, ಯೋಜನೆಯ ಕಣ್ಣಿಗೆ ಅವನು ರೈತ. ರೈತನ ಮಗುವಾಗಿದ್ದರೆ ಮಾತ್ರ ವಿದ್ಯಾರ್ಥಿ. ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯ ಶೈಕ್ಷಣಿಕ ಸಹಾಯಧನವೂ ನೋಂದಾಯಿತ ಕಾರ್ಮಿಕರ ಇಬ್ಬರು ಮಕ್ಕಳಿಗೆ ಸೀಮಿತ. ಗುಳೆ ಹೋಗಿ ಕಟ್ಟಡ ಕೆಲಸ ಮಾಡಿದವರ ದೊಡ್ಡ ಸಮುದಾಯವಿರುವ ಜಿಲ್ಲೆಯಲ್ಲಿ, ಕಾರ್ಮಿಕರ ಗುರುತಿನ ಚೀಟಿಯ ಬಲದಿಂದಲೇ ಕಾರ್ಮಿಕ ತಾನೂ ಓದಲು ಸಾಧ್ಯವಾಗಿದ್ದರೆ ಅದರಿಂದ ಪ್ರಯೋಜನ ಪಡೆಯುವವರು ಬಹಳ ಮಂದಿ ಇರುತ್ತಿದ್ದರು. ಈ ಮಂಡಳಿಗೆ ಬರುವ ಸೆಸ್ಸಿನ ಹಣ ಸಂಗ್ರಹವಾಗುವುದು ಅವರ ದುಡಿಮೆಯಿಂದ ಎದ್ದ ಕಟ್ಟಡಗಳ ಮೇಲೆಯೇ.

2024ರ ಜನವರಿ 12ರಂದು ಜಾರಿಗೆ ಬಂದ ಯುವನಿಧಿ ಯೋಜನೆ ಪದವಿ ಮುಗಿಸಿ 180 ದಿನ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿಯನ್ನೂ ಡಿಪ್ಲೊಮಾದವರಿಗೆ 1,500 ರೂಪಾಯಿಯನ್ನೂ ಗರಿಷ್ಠ ಎರಡು ವರ್ಷ ಕೊಡುತ್ತದೆ. ಮುಂದಿನ ಓದಿಗೆ ಸೇರಿದವರಿಗೆ ಅದು ಸಲ್ಲುವುದಿಲ್ಲ. ಓದಿಗೆ ಸಂಬಂಧವೇ ಇಲ್ಲವೆಂದು ತೋರುವ ಇನ್ನೆರಡು ಯೋಜನೆಗಳು ಮಾತ್ರ ವಯಸ್ಕ ವಿದ್ಯಾರ್ಥಿನಿಯರಿಗೆ ನಿಜವಾಗಿ ಒದಗುತ್ತಿವೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರ ಪ್ರಯಾಣ ಉಚಿತವಾಗಿದ್ದು, ರೈಲು ಇಲ್ಲದ ಸುರಪುರದಿಂದ ಸುಮಾರು ನೂರು ಕಿಲೋಮೀಟರು ದೂರದ ಕಲಬುರಗಿಗೆ ಪರೀಕ್ಷೆಗೋ ಸಂಪರ್ಕ ತರಗತಿಗೋ ಹೋಗಿಬರುವ ಖರ್ಚು ಇಲ್ಲವಾಗಿದೆ. ಅದೇ ವರ್ಷದ ಆಗಸ್ಟ್ 30ರಂದು ಆರಂಭವಾದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೇ ಬರುತ್ತದೆ. ಮುಕ್ತ ವಿಶ್ವವಿದ್ಯಾನಿಲಯದ ಸಾಮಾನ್ಯ ಪದವಿಯ ವರ್ಷದ ಶುಲ್ಕವನ್ನು ಕೆಲವು ತಿಂಗಳ ಗೃಹಲಕ್ಷ್ಮಿ ಹಣದಿಂದ ಹೊಂದಿಸಬಹುದು. ವಿದ್ಯಾರ್ಥಿವೇತನದ ನಿಯಮಗಳು ಮಗಳಾಗಿ ಅಥವಾ ಹೆಂಡತಿಯಾಗಿ ಮಾತ್ರ ಕಂಡ ಹೆಂಗಸನ್ನು ಈ ಎರಡು ಯೋಜನೆಗಳು ಅವಳ ಹೆಸರಿನಲ್ಲಿಯೇ ಗುರುತಿಸಿರುವುದು ಗಮನಿಸಬೇಕಾದ ಸಂಗತಿ.

371(ಜೆ) ವಿಧಿ

ಸಂವಿಧಾನದ 98ನೆಯ ತಿದ್ದುಪಡಿಯಿಂದ ಸೇರಿದ 371(ಜೆ) ವಿಧಿ ಹಣದ ನೆರವಲ್ಲದಿದ್ದರೂ ಮರಳಿ ಓದುವವರ ಲೆಕ್ಕಾಚಾರದಲ್ಲಿ ಅದಕ್ಕೆ ದೊಡ್ಡ ಸ್ಥಾನವಿದೆ. ಯಾದಗಿರಿಯೂ ಸೇರಿದ ಹೈದರಾಬಾದ್ ಕರ್ನಾಟಕ ಭಾಗದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8ರಷ್ಟು ಸೀಟುಗಳು ಸ್ಥಳೀಯರಿಗೆ ಮೀಸಲಾಗಿದ್ದು, ಸರ್ಕಾರಿ ಹುದ್ದೆಗಳಲ್ಲಿಯೂ ಮೀಸಲು ಪಾಲಿದೆ. ಅರ್ಹತಾ ಪ್ರಮಾಣಪತ್ರವನ್ನು ಕೊಡುವವರು ಉಪವಿಭಾಗದ ಸಹಾಯಕ ಆಯುಕ್ತರು. 2019ರಲ್ಲಿ ಕಲ್ಯಾಣ ಕರ್ನಾಟಕ ಎಂದು ಮರುನಾಮಕರಣವಾದ ಈ ಪ್ರದೇಶದ ಅಭಿವೃದ್ಧಿ ಮಂಡಳಿಯ ಹಣ ಶಾಲಾ ಕೊಠಡಿ, ಕಾಲೇಜು ಕಟ್ಟಡ, ಶಿಕ್ಷಕರ ಕಡೆಗೆ ಹೆಚ್ಚಾಗಿ ಹರಿದಿದೆ. ಹಿಂದುಳಿದಿರುವಿಕೆಯ ನಷ್ಟವನ್ನು ತುಂಬಿಕೊಡಲೆಂದೇ ಬಂದ ವಿಧಿಯಿದು. ಆ ನಷ್ಟವನ್ನು ಮೈಮೇಲೆ ಹೊತ್ತವರು ಈಗಾಗಲೇ ಶಾಲೆ ಬಿಟ್ಟ ತಲೆಮಾರಿನವರಾದ್ದರಿಂದ, ಮಂಡಳಿಯ ಅನುದಾನದಲ್ಲಿ ಅವರ ಮರುಓದಿಗೂ ಒಂದು ಪಾಲು ಇರುವುದು ವಿಧಿಯ ಉದ್ದೇಶಕ್ಕೆ ಹೊಂದುವಂಥದು.

ಸಾಲ

ಬ್ಯಾಂಕುಗಳ ಶಿಕ್ಷಣ ಸಾಲದ ಮಾದರಿಯಲ್ಲಿ ತಂದೆ, ತಾಯಿ ಅಥವಾ ಗಂಡ, ಹೆಂಡತಿ ಸಹಸಾಲಗಾರರಾಗಬೇಕು. ಕೇಂದ್ರದ ಬಡ್ಡಿ ಸಹಾಯಧನ ವಾರ್ಷಿಕ 4.5 ಲಕ್ಷ ರೂಪಾಯಿ ಆದಾಯದೊಳಗಿನ ಕುಟುಂಬಗಳ ವಿದ್ಯಾರ್ಥಿಗಳಿಗೆ, ವೃತ್ತಿಪರ ಮತ್ತು ತಾಂತ್ರಿಕ ಕೋರ್ಸುಗಳಿಗೆ ಸಲ್ಲುತ್ತದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ದೇಶದ ಮೇಲ್ಪಂಕ್ತಿಯ ಸಂಸ್ಥೆಗಳಲ್ಲಿ ಪ್ರವೇಶ ಪಡೆದವರಿಗೆ ಅಡಮಾನವಿಲ್ಲದ ಸಾಲ ಒದಗಿಸುತ್ತದೆ. ಊರು ಬಿಟ್ಟು ಹೋಗಲಾರದೆ ಹತ್ತಿರದ ಕಾಲೇಜಿಗೋ ಮುಕ್ತ ವಿಶ್ವವಿದ್ಯಾನಿಲಯಕ್ಕೋ ಸೇರುವವರಿಗೆ ಇವು ಎರಡೂ ಒದಗುವುದು ವಿರಳ. ಆದಾಯ ತೆರಿಗೆ ಕಾನೂನು ಸ್ವಂತ ಓದಿಗೆ ಮಾಡಿದ ಸಾಲದ ಬಡ್ಡಿಗೂ ಎಂಟು ವರ್ಷಗಳವರೆಗೆ ವಿನಾಯಿತಿ ಕೊಟ್ಟು, ಓದುವ ವಯಸ್ಕರನ್ನು ನೇರವಾಗಿ ಒಪ್ಪಿಕೊಂಡಿದೆ; ಆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗಷ್ಟೇ ಸಲ್ಲುತ್ತದೆ, ಮತ್ತು ತೆರಿಗೆ ಕಟ್ಟುವಷ್ಟು ಆದಾಯವಿರುವವರಿಗೆ ಮಾತ್ರ ಉಪಯುಕ್ತ.

ವಿದ್ಯಾರ್ಥಿವೇತನದ ಹಣ ಪ್ರವೇಶದ ದಿನಕ್ಕಿಂತ ಬಹಳ ತಡವಾಗಿ ಬರುವುದರಿಂದ, ಶುಲ್ಕ ಕಟ್ಟುವ ಕೊನೆಯ ದಿನಕ್ಕೆ ಬೇಕಾಗುವುದು ಕೈಯಲ್ಲಿರುವ ನಗದು. ಹಳ್ಳಿಗಳ ಹೆಂಗಸರಿಗೆ ಈ ಸಣ್ಣ ಮೊತ್ತ ಸಿಗಬಹುದಾದ ಹತ್ತಿರದ ಜಾಗ ಸ್ತ್ರೀಶಕ್ತಿ ಅಥವಾ ಸಂಜೀವಿನಿ ಸ್ವಸಹಾಯ ಸಂಘ. ಸಂಘದ ಒಳಸಾಲಕ್ಕೆ ಆದಾಯ ಪ್ರಮಾಣಪತ್ರ ಬೇಕಿಲ್ಲ, ಸಹಸಾಲಗಾರ ಬೇಕಿಲ್ಲ. ವಾರದ ಉಳಿತಾಯ ಸರಿಯಾಗಿ ಕಟ್ಟಿದ ಸದಸ್ಯೆಗೆ ಸಭೆಯಲ್ಲಿ ಒಪ್ಪಿಗೆ ಸಿಕ್ಕರೆ ಸಾಕು. ಸಂಘಗಳಿಗೆ ಬ್ಯಾಂಕ್ ಜೋಡಣೆಯ ಸಾಲದ ಮೇಲೆ ಸರ್ಕಾರ ಈಗಾಗಲೇ ಬಡ್ಡಿ ಸಹಾಯಧನ ಕೊಡುತ್ತಿದೆ. ಶುಲ್ಕಕ್ಕೆಂದು ತೆಗೆದುಕೊಂಡ ಒಳಸಾಲವನ್ನು ವಿದ್ಯಾರ್ಥಿವೇತನ ಬಂದಾಗ ತೀರಿಸುವ ಏರ್ಪಾಡನ್ನು ಸಮಾಜ ಕಲ್ಯಾಣ ಇಲಾಖೆ ಮತ್ತು ಸಂಜೀವಿನಿ ಒಕ್ಕೂಟಗಳು ಕೂಡಿ ಮಾಡಿದರೆ, ಹೊಸ ಯೋಜನೆಯೊಂದನ್ನು ಹುಟ್ಟುಹಾಕದೆಯೇ ಪ್ರವೇಶದ ಮೊದಲ ತಿಂಗಳ ಕಷ್ಟ ನೀಗುತ್ತದೆ.